ವಾಷಿಂಗ್ ಮಷಿನ್ ಬಾಗಿಲು ತೆಗೀತಿಲ್ವಾ? ಎಳೆಯೋ ಮುಂಚೆ ಇದನ್ನ ಕೇಳಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಮೆಟ್ರೋದಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇರೋರಿಗೆ, ಅಡುಗೆಮನೆಯಲ್ಲಿ ಫೋನನ್ನ ಡಬ್ಬಿಗೆ ಒರಗಿಸಿಟ್ಟು ಕೇಳ್ತಾ ಇರೋರಿಗೆ, ಆಫೀಸಲ್ಲಿ ಕದ್ದು ಓದ್ತಾ ಇರೋರಿಗೆ, ಎಲ್ಲರಿಗೂ ಸ್ವಾಗತ. ಮೊದಲು ಒಂದು ಸದ್ದು ಕೇಳಿಸ್ತೀನಿ.

(ಟಕ್ ಎಂಬ ಸಣ್ಣ ಸದ್ದು)

ಗೊತ್ತಾಯ್ತಾ? ಇನ್ನೊಂದ್ಸಲ.

(ಟಕ್)

ಇದು ಫ್ರಂಟ್ ಲೋಡ್ ವಾಷಿಂಗ್ ಮಷಿನ್ ಬಾಗಿಲು ಲಾಕ್ ಆಗೋ ಸದ್ದು. ಸ್ಟಾರ್ಟ್ ಒತ್ತಿ ಕೆಲವು ಸೆಕೆಂಡಿಗೆ ಒಂದು ಟಕ್. ಬಟ್ಟೆ ಒಗೆದು ಮುಗಿದು ಒಂದೆರಡು ನಿಮಿಷಕ್ಕೆ ಇನ್ನೊಂದು ಟಕ್. ಈ ಎರಡನೇ ಟಕ್ ಬರದೇ ಹೋದಾಗ ಮನೆಯಲ್ಲಿ ಏನೇನಾಗುತ್ತೆ ಅನ್ನೋದೇ ಇವತ್ತಿನ ವಿಷಯ. ಕೇಳಿ ನಗಬೇಡಿ. ಷೇರು, ಎಸ್‌ಐಪಿ, ಬಾಡಿಗೆ ಒಪ್ಪಂದ ಅಂತೆಲ್ಲ ಮಾತಾಡೋಳು ಇದ್ದಕ್ಕಿದ್ದಂತೆ ವಾಷಿಂಗ್ ಮಷಿನ್‌ಗೆ ಯಾಕೆ ಬಂದ್ಲು ಅನ್ಕೋಬಹುದು. ನಾನು ಬಿಕಾಂ ಓದಿದವಳು, ಇಂಜಿನಿಯರ್ ಅಲ್ಲ. ಆದರೆ ಒಂದು ಟಕ್ ಬರಲಿಲ್ಲ ಅಂತ 7,500 ರೂಪಾಯಿಯ ಎಸ್ಟಿಮೇಟ್ ಕೈಗೆ ಬಂದಾಗ ಅದು ನನ್ನ ಸಬ್ಜೆಕ್ಟೂ ಆಗುತ್ತೆ.

ಕಥೆ ಹೇಳ್ತೀನಿ. ಬೆಂಗಳೂರಲ್ಲಿ ನಾವು ಮೂವರು ಹುಡುಗಿಯರು ಸೇರಿ ಒಂದು ಬಾಡಿಗೆ ಮನೆಯಲ್ಲಿದ್ದೀವಿ. ಸೆಮಿ ಫರ್ನಿಶ್ಡ್. ವಾಷಿಂಗ್ ಮಷಿನ್ ಓನರ್‌ದು. ಓನರ್ ಮೇಲಿನ ಮನೆಯಲ್ಲೇ ಇರ್ತಾರೆ. ಒಂದು ಭಾನುವಾರ ರಾತ್ರಿ ಮಷಿನ್ ಅರ್ಧಕ್ಕೆ ನಿಂತಿತು. ಒಳಗೆ ಬಟ್ಟೆ, ಗಾಜಿನ ಅರ್ಧದವರೆಗೂ ನೀರು, ಬಾಗಿಲು ಜಪ್ಪಯ್ಯ ಅಂದ್ರೂ ತೆಗೀತಿಲ್ಲ. ನಮ್ಮಲ್ಲಿ ಒಬ್ಬಳಿಗೆ ಸೋಮವಾರ ಬೆಳಗ್ಗೆ ಇಂಟರ್‌ವ್ಯೂ. ಹಾಕ್ಕೊಂಡು ಹೋಗಬೇಕಾದ ಕುರ್ತಾ ಒಳಗೆ ಈಜಾಡ್ತಾ ಇದೆ. ಅವಳು ಬೇರೆಯವರ ಬಟ್ಟೆ ಹಾಕ್ಕೊಂಡು ಹೋಗಿ ಬಂದ್ಲು, ಆ ಮಾತು ಬೇರೆ.

ಮಾರನೇ ದಿನ ಟೆಕ್ನಿಷಿಯನ್ ಬಂದ್ರು. ಎರಡು ಸಲ ಬಟನ್ ಒತ್ತಿದ್ರು, ಹ್ಯಾಂಡಲ್ ಎಳೆದ್ರು, "ಮೇಡಂ, ಪಿಸಿಬಿ ಹೋಗಿದೆ, ಅದಕ್ಕೇ ಲಾಕ್ ರಿಲೀಸ್ ಆಗ್ತಿಲ್ಲ, 7,500 ಆಗುತ್ತೆ" ಅಂದ್ರು. ವಿಸಿಟಿಂಗ್ ಚಾರ್ಜ್ ತಗೊಂಡು ಹೊರಟ್ರು. ಸಂಜೆ ಓನರ್ ಬಂದು "ನೀವು ಬಳಸಿ ಹಾಳಾಗಿರೋದು, ಅಡ್ವಾನ್ಸ್‌ನಲ್ಲಿ ಮುರ್ಕೋತೀನಿ" ಅಂದ್ರು. ಬಾಡಿಗೆ ಮನೆಯಲ್ಲಿ ಇರೋರಿಗೆ ಈ ವಾಕ್ಯದ ತೂಕ ಏನು ಅಂತ ನಾನು ವಿವರಿಸಬೇಕಾಗಿಲ್ಲ.

ಆ ರಾತ್ರಿ ನಾನು ಮಾಡಿದ್ದು ಇಷ್ಟೇ. ಮಷಿನ್ ಜೊತೆ ಬಂದಿದ್ದ ಮ್ಯಾನ್ಯುಯಲ್‌ನ ಪಿಡಿಎಫ್ ಹುಡುಕಿ, ಡಿಸ್ಪ್ಲೇಯಲ್ಲಿ ಮಿನುಗ್ತಾ ಇದ್ದ ಎರಡಕ್ಷರದ ಅರ್ಥ ನೋಡಿದೆ. ಅದು ಲಾಕ್ ಕೆಟ್ಟಿದೆ ಅನ್ನೋ ಕೋಡ್ ಆಗಿರಲಿಲ್ಲ. ನೀರು ಹೊರಗೆ ಹೋಗ್ತಿಲ್ಲ ಅನ್ನೋ ಕೋಡ್ ಆಗಿತ್ತು. ಅಂದ್ರೆ ಏನರ್ಥ? ಲಾಕ್ ಕೆಟ್ಟಿಲ್ಲ. ಒಳಗೆ ಅರ್ಧ ಡ್ರಮ್ ನೀರಿದೆ, ಈಗ ತೆಗೆದ್ರೆ ಮನೆಯೆಲ್ಲ ಕೆರೆ ಆಗುತ್ತೆ, ಅದಕ್ಕೆ ನಾನು ಬಿಡಲ್ಲ ಅಂತ ಅದು ತನ್ನ ಕೆಲಸ ಸರಿಯಾಗಿ ಮಾಡ್ತಾ ಕೂತಿತ್ತು. ನಾವೆಲ್ಲ ಅದನ್ನೇ ಕಳ್ಳ ಅಂತಿದ್ವಿ.

ಇದನ್ನ ಅರ್ಥ ಮಾಡ್ಕೊಳ್ಳೋಕೆ ಲಾಕ್ ಹೇಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ತಿಳ್ಕೊಳ್ಳೋಣ. ಕಷ್ಟ ಇಲ್ಲ. ಮನೆಯಲ್ಲಿ ಹಳೇ ಕಾಲದ ಕರೆಂಟ್ ಇಸ್ತ್ರಿ ಪೆಟ್ಟಿಗೆ ನೋಡಿದ್ದೀರಲ್ವಾ? ಬಿಸಿಯಾದ ಮೇಲೆ ಟಿಕ್ ಅಂತ ಆಫ್ ಆಗುತ್ತೆ, ಆರಿದ ಮೇಲೆ ಮತ್ತೆ ಟಿಕ್ ಅಂತ ಆನ್ ಆಗುತ್ತೆ. ಅದರೊಳಗೆ ಎರಡು ಬೇರೆ ಬೇರೆ ಲೋಹ ಅಂಟಿಸಿದ ಒಂದು ಪಟ್ಟಿ ಇರುತ್ತೆ. ಬಿಸಿಯಾದಾಗ ಒಂದು ಲೋಹ ಹೆಚ್ಚು ಹಿಗ್ಗುತ್ತೆ, ಇನ್ನೊಂದು ಕಡಿಮೆ ಹಿಗ್ಗುತ್ತೆ, ಪಟ್ಟಿ ಬಾಗುತ್ತೆ. ಬೈಮೆಟಲ್ ಅಂತಾರೆ.

ಬಹಳಷ್ಟು ಫ್ರಂಟ್ ಲೋಡ್ ಮಷಿನ್‌ಗಳ ಬಾಗಿಲಿನ ಲಾಕ್ ಒಳಗೂ ಇದೇ ಉಪಾಯ. ಸ್ಟಾರ್ಟ್ ಒತ್ತಿದಾಗ ಒಂದು ಪುಟ್ಟ ಗುಳಿಗೆಯಂಥ ಭಾಗಕ್ಕೆ ಕರೆಂಟ್ ಹೋಗುತ್ತೆ. ಅದರ ಹೆಸರು ಪಿಟಿಸಿ. ಅದು ಬಿಸಿಯಾಗಿ ಬೈಮೆಟಲ್ ಪಟ್ಟಿಯನ್ನ ಬಾಗಿಸುತ್ತೆ, ಪಟ್ಟಿ ಒಂದು ಪಿನ್ನನ್ನ ತಳ್ಳುತ್ತೆ, ಬಾಗಿಲಿನ ಕೊಕ್ಕೆ ಕದಲದ ಹಾಗೆ ಸಿಕ್ಕಿಕೊಳ್ಳುತ್ತೆ. ಅದೇ ಹೊತ್ತಿಗೆ ಒಳಗಿನ ಸ್ವಿಚ್ ಮುಚ್ಚಿ, ಬಾಗಿಲು ಭದ್ರವಾಗಿದೆ, ನೀರು ಬಿಡಬಹುದು ಅಂತ ಬೋರ್ಡ್‌ಗೆ ಸುದ್ದಿ ಹೋಗುತ್ತೆ. ಒಗೆದು ಮುಗಿದ ಮೇಲೆ ಕರೆಂಟ್ ನಿಲ್ಲುತ್ತೆ, ಆದ್ರೆ ಪಟ್ಟಿ ಆರೋಕೆ ಒಂದೆರಡು ನಿಮಿಷ ಬೇಕು. ಮುಗಿದ ತಕ್ಷಣ ಬಾಗಿಲು ತೆಗೆಯೋಕೆ ಆಗಲ್ಲ ಅಲ್ವಾ, ಅದಕ್ಕೆ ಕಾರಣ ಇದೇ. ಆ ಎರಡು ನಿಮಿಷದಲ್ಲಿ ನಾವು ಹ್ಯಾಂಡಲ್ ಹಿಡಿದು ಜಗ್ಗಾಡಿ ಮುರಿದು ಹಾಕ್ತೀವಿ.

ಇನ್ನೊಂದು ಬಗೆಯ ಲಾಕ್ ಇದೆ. ಅದರಲ್ಲಿ ಬಿಸಿಯ ಕೆಲಸ ಇಲ್ಲ. ಲಾಕ್ ಆಗೋಕೆ ಒಂದು ಸಿಗ್ನಲ್, ಬಿಡೋಕೆ ಇನ್ನೊಂದು ಸಿಗ್ನಲ್. ಇಂಥದ್ರಲ್ಲಿ ಮಧ್ಯೆ ಕರೆಂಟ್ ಹೋದ್ರೆ ಬಿಡೋ ಸಿಗ್ನಲ್ ಬರೋವರೆಗೂ ಬಾಗಿಲು ಹಾಗೇ ಇರುತ್ತೆ. ಮಳೆಗಾಲದಲ್ಲಿ ಕರೆಂಟ್ ಕೈಕೊಟ್ಟಾಗ ಬಾಗಿಲು ಸಿಕ್ಕಿಕೊಂಡ್ರೆ ಗಾಬರಿ ಆಗಬೇಡಿ. ಕರೆಂಟ್ ಬಂದ ಮೇಲೆ ಆನ್ ಮಾಡಿ, ಪ್ರೋಗ್ರಾಂ ಮುಗಿಸೋಕೆ ಬಿಡಿ, ಅದೇ ಬಿಡುತ್ತೆ.

ಬಾಗಿಲು ಬಿಡೋ ಮುಂಚೆ ಬೋರ್ಡ್ ಮೂರು ಪ್ರಶ್ನೆ ಕೇಳ್ಕೊಳ್ಳುತ್ತೆ. ಒಳಗೆ ನೀರಿದೆಯಾ? ಬಿಸಿ ಇದೆಯಾ? ಡ್ರಮ್ ತಿರುಗ್ತಾ ಇದೆಯಾ? ಮೂರಕ್ಕೂ ಇಲ್ಲ ಅನ್ನೋ ಉತ್ತರ ಬಂದ್ರೆ ಮಾತ್ರ ಬಾಗಿಲು. ಒಂದಕ್ಕೆ ಹೌದು ಅಂದ್ರೂ ಲಾಕ್ ಹಾಗೇ. ಹಾಗಾಗಿ ಬಾಗಿಲು ತೆಗೀದೇ ಇದ್ದಾಗ ನಾವೂ ಇದೇ ಮೂರು ಪ್ರಶ್ನೆಯಿಂದ ಶುರು ಮಾಡ್ಬೇಕು. ಪಿಸಿಬಿಯಿಂದ ಅಲ್ಲ.

ಸರಿ, ಈಗ ಹಂತ ಹಂತವಾಗಿ ಹೋಗೋಣ. ಬೇಕಾದ್ರೆ ಈ ಭಾಗವನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ.

ಮೊದಲನೇದು, ಕಾಯಿರಿ. ಮಷಿನ್ ಆಫ್ ಮಾಡಿ, ಪ್ಲಗ್ ತೆಗೆದು ಐದು ನಿಮಿಷ ಬಿಡಿ. 60 ಡಿಗ್ರಿ, 90 ಡಿಗ್ರಿ ಬಿಸಿ ನೀರಿನ ಪ್ರೋಗ್ರಾಂ ಹಾಕಿದ್ರೆ ಇನ್ನೂ ಹೆಚ್ಚು ಹೊತ್ತು ಬೇಕು. ಗಾಜು ಮುಟ್ಟಿ ನೋಡಿ. ಬಿಸಿ ಇದ್ರೆ ಮುಟ್ಟೋ ಕೆಲಸ ನಾಳೆಗೆ ಇಟ್ಕೊಳ್ಳಿ.

ಎರಡನೇದು, ಸೆಟ್ಟಿಂಗ್ ನೋಡಿ. ಚೈಲ್ಡ್ ಲಾಕ್ ಆನ್ ಆಗಿದ್ಯಾ? ಸಾಮಾನ್ಯವಾಗಿ ಬೀಗದ ಚಿಹ್ನೆ ಬರುತ್ತೆ, ಅದೇ ಬಟನ್ನನ್ನ ಮೂರು ಸೆಕೆಂಡ್ ಒತ್ತಿ ಹಿಡಿದ್ರೆ ಹೋಗುತ್ತೆ. ಇನ್ನೊಂದು, ರಿನ್ಸ್ ಹೋಲ್ಡ್ ಅನ್ನೋ ಆಯ್ಕೆ. ಬಟ್ಟೆ ಸುಕ್ಕಾಗದೇ ಇರ್ಲಿ ಅಂತ ಕೊನೆಯ ನೀರನ್ನ ಒಳಗೇ ಉಳಿಸ್ಕೊಂಡು ಮಷಿನ್ ನಿಲ್ಲುತ್ತೆ. ಗೊತ್ತಿಲ್ಲದೇ ಅದು ಒತ್ತಿ ಹೋಗಿದ್ರೆ ನಿಮಗೆ ಕೆಟ್ಟು ನಿಂತ ಹಾಗೇ ಕಾಣುತ್ತೆ. ಡ್ರೈನ್ ಅಥವಾ ಸ್ಪಿನ್ ಹಾಕಿ, ಅಷ್ಟೇ.

ಮೂರನೇದು, ಡಿಸ್ಪ್ಲೇ ಓದಿ. ಇಲ್ಲಿ ಎರಡು ಕುಟುಂಬದ ಕೋಡ್ ಇರುತ್ತೆ. ಒಂದು ಬಾಗಿಲಿನ ಕೋಡ್, ಇನ್ನೊಂದು ನೀರು ಹೊರಹೋಗದ ಕೋಡ್. ಉದಾಹರಣೆಗೆ ಎಲ್‌ಜಿ ಮಷಿನ್‌ನಲ್ಲಿ 'ಡಿಇ' ಬಂದ್ರೆ ಬಾಗಿಲು, 'ಓಇ' ಬಂದ್ರೆ ನೀರು. ಸ್ಯಾಮ್‌ಸಂಗ್‌ನಲ್ಲಿ 'ಡಿಸಿ' ಬಾಗಿಲು, '5ಸಿ' ನೀರು. ಆ 5 ಡಿಸ್ಪ್ಲೇಯಲ್ಲಿ ಇಂಗ್ಲಿಷಿನ 'ಎಸ್' ತರ ಕಾಣುತ್ತೆ, ಗಮನಿಸಿ. ಬಾಷ್‌ನಲ್ಲಿ 'ಇ' ಅಥವಾ 'ಎಫ್' ಅಕ್ಷರದ ಜೊತೆ 16 ಬಂದ್ರೆ ಬಾಗಿಲು, 18 ಬಂದ್ರೆ ನೀರು. ಬೇರೆ ಕಂಪನಿ, ಬೇರೆ ಮಾಡೆಲ್ ಆದ್ರೆ ಮ್ಯಾನ್ಯುಯಲ್‌ನಲ್ಲಿ ನೋಡಿ. ಫೋಟೋ ತೆಗೆದಿಟ್ಕೊಳ್ಳಿ. ಪ್ಲಗ್ ತೆಗೆದ ಮೇಲೆ ಆ ಕೋಡ್ ಹೋಗಿಬಿಡುತ್ತೆ, ಟೆಕ್ನಿಷಿಯನ್ ಬಂದಾಗ ನಿಮ್ಮ ಹತ್ರ ಇರೋ ಒಂದೇ ಸಾಕ್ಷಿ ಆ ಫೋಟೋ.

ನಾಲ್ಕನೇದು, ನೀರಿನ ಕೋಡ್ ಬಂದಿದ್ರೆ ಅಥವಾ ಗಾಜಿನಲ್ಲಿ ನೀರು ಕಾಣ್ತಾ ಇದ್ರೆ, ಮೊದಲು ಹಿಂದಿನ ಪೈಪ್ ನೋಡಿ. ಮಡಚಿಕೊಂಡಿದ್ಯಾ, ಮಷಿನ್ ಹಿಂದೆ ಗೋಡೆಗೆ ಒತ್ತಿಕೊಂಡಿದ್ಯಾ, ಬಾತ್‌ರೂಮಿನ ಮೋರಿ ಕಟ್ಟಿಕೊಂಡಿದ್ಯಾ. ಅದು ಸರಿ ಇದ್ರೆ ಮುಂದೆ ಕೆಳಗಡೆ ಮೂಲೆಯಲ್ಲಿರೋ ಸಣ್ಣ ಮುಚ್ಚಳ ತೆಗೀರಿ. ಒಳಗೆ ಡ್ರೈನ್ ಪಂಪ್ ಫಿಲ್ಟರ್. ಪಕ್ಕದಲ್ಲಿ ಒಂದು ಪುಟ್ಟ ರಬ್ಬರ್ ಪೈಪ್ ಇದ್ರೆ ಅದನ್ನ ಹೊರಗೆಳೆದು, ತಟ್ಟೆ ಇಟ್ಟು, ಬಿರಡೆ ತೆಗೆದು ನೀರು ಬಸಿದುಕೊಳ್ಳಿ. ಒಂದು ತಟ್ಟೆ ಸಾಲಲ್ಲ, ತುಂಬಿದಾಗಲೆಲ್ಲ ಬಿರಡೆ ಹಾಕಿ ಚೆಲ್ಲಿ ಬನ್ನಿ. ನೀರು ಪೂರ್ತಿ ಇಳಿದ ಮೇಲೆ ಫಿಲ್ಟರನ್ನ ಎಡಕ್ಕೆ ತಿರುಗಿಸಿ ಹೊರಗೆ ತೆಗೀರಿ. ಪ್ಲಗ್ ಹೊರಗಿರಬೇಕು, ನೀರು ತಣ್ಣಗಿರಬೇಕು. ಈ ಎರಡು ಮರೀಬೇಡಿ.

ನಮ್ಮ ಮಷಿನ್ ಫಿಲ್ಟರ್‌ನಲ್ಲಿ ಸಿಕ್ಕಿದ್ದು ಎರಡು ಹೇರ್ ಪಿನ್, ಒಂದು ರೂಪಾಯಿಯ ನಾಣ್ಯ, ಶರ್ಟಿನ ಗುಂಡಿ, ಮತ್ತೆ ಒಂದು ಮುಷ್ಟಿ ಕೂದಲು-ನೂಲಿನ ಗಂಟು. ತೊಳೆದು ಹಾಕಿ ಆನ್ ಮಾಡಿದ್ವಿ. ಗುರ್ ಅಂತ ಉಳಿದ ನೀರು ಹೋಯ್ತು. ಎರಡು ನಿಮಿಷ ಬಿಟ್ಟು ಟಕ್. 7,500 ರೂಪಾಯಿಯ ಪಿಸಿಬಿಗೆ ಏನೂ ಆಗಿರಲಿಲ್ಲ. ಫಿಲ್ಟರ್ ಫೋಟೋ, ಕೋಡಿನ ಫೋಟೋ, ಮ್ಯಾನ್ಯುಯಲ್‌ನ ಆ ಪುಟ ಮೂರನ್ನೂ ಓನರ್‌ಗೆ ವಾಟ್ಸಾಪ್ ಮಾಡಿದೆ. "ಗುಂಡಿ ನಿಮ್ದೋ, ಮುಂಚೆ ಇದ್ದೋರ್ದೋ" ಅಂತ ಅರ್ಧ ಗಂಟೆ ಚರ್ಚೆ ಆಯ್ತು. ಕೊನೆಗೆ ವಿಸಿಟಿಂಗ್ ಚಾರ್ಜ್ ನಾವು ಕೊಟ್ವಿ, ಅಡ್ವಾನ್ಸ್ ಮಾತು ಅಲ್ಲಿಗೆ ನಿಂತಿತು.

ಐದನೇದು, ನೀರು ಇಲ್ಲ, ಬಿಸಿ ಇಲ್ಲ, ಆದ್ರೂ ಬಾಗಿಲು ಬರ್ತಿಲ್ಲ. ಆಗ ಎಮರ್ಜೆನ್ಸಿ ರಿಲೀಸ್ ಹುಡುಕಿ. ಅನೇಕ ಮಾಡೆಲ್‌ಗಳಲ್ಲಿ ಅದೇ ಫಿಲ್ಟರ್ ಮುಚ್ಚಳದ ಹಿಂದೆ ಒಂದು ಸಣ್ಣ ಬಣ್ಣದ ಪಟ್ಟಿ ಅಥವಾ ದಾರ ಇರುತ್ತೆ. ಮೆಲ್ಲಗೆ ಕೆಳಗೆಳೆದ್ರೆ ಬಾಗಿಲು ಬಿಡುತ್ತೆ. ಎಲ್ಲ ಮಷಿನ್‌ನಲ್ಲೂ ಇರಲ್ಲ. ಇದೆಯಾ ಇಲ್ವಾ ಅಂತ ಮ್ಯಾನ್ಯುಯಲ್ ಹೇಳುತ್ತೆ. ಗಾಜಿನಲ್ಲಿ ನೀರು ಕಾಣ್ತಾ ಇದ್ದಾಗ ಮಾತ್ರ ಇದನ್ನ ಎಳೀಬೇಡಿ.

ನೀರೇ ಇಲ್ಲ, ಆದ್ರೂ ನೀರಿದೆ ಅಂತ ಮಷಿನ್ ಹಠ ಹಿಡಿಯೋದೂ ಉಂಟು. ನೀರಿನ ಮಟ್ಟ ಅಳೆಯೋಕೆ ಒಳಗೊಂದು ಸಣ್ಣ ಗಾಳಿಯ ಕೊಳವೆ, ಅದರ ತುದಿಗೆ ಪ್ರೆಶರ್ ಸೆನ್ಸರ್ ಇರುತ್ತೆ. ಸೋಪಿನ ಗಸಿ, ನೂಲು ಸೇರಿ ಆ ಕೊಳವೆ ಕಟ್ಟಿಕೊಂಡ್ರೆ ತಪ್ಪು ಸುದ್ದಿ ಹೋಗುತ್ತೆ. ಇದು ಟೆಕ್ನಿಷಿಯನ್ ಕೆಲಸ, ಆದ್ರೆ "ಪ್ರೆಶರ್ ಪೈಪ್ ಒಂದ್ಸಲ ನೋಡಿ" ಅಂತ ಕೇಳೋದು ನಮ್ಮ ಕೆಲಸ. ಆ ಒಂದು ವಾಕ್ಯಕ್ಕೆ ಎದುರಿಗಿರೋರ ಧಾಟಿನೇ ಬದಲಾಗುತ್ತೆ, ನಾನೇ ನೋಡಿದ್ದೀನಿ.

ಈಗ ಉಲ್ಟಾ ಸಮಸ್ಯೆ. ಬಾಗಿಲು ಲಾಕ್ ಆಗೋದೇ ಇಲ್ಲ. ಸ್ಟಾರ್ಟ್ ಒತ್ತಿದ್ರೆ ಟಕ್ ಬರಲ್ಲ, ಬಾಗಿಲಿನ ಕೋಡ್ ಬರುತ್ತೆ. ಇಲ್ಲೂ ಸುಲಭದ್ದು ಮೊದಲು. ರಬ್ಬರ್ ಗ್ಯಾಸ್ಕೆಟ್ ಮಧ್ಯೆ ಕಾಲುಚೀಲ, ಕರ್ಚೀಫು ಸಿಕ್ಕಿಕೊಂಡಿದ್ಯಾ? ಕೊಕ್ಕೆ ಹೋಗಿ ಕೂರೋ ತೂತಲ್ಲಿ ಸೋಪಿನ ಪುಡಿ ಗಟ್ಟಿಯಾಗಿದ್ಯಾ? ಒದ್ದೆ ಬಟ್ಟೆಯಿಂದ ಒರೆಸಿ. ಬಾಗಿಲನ್ನ ಸ್ವಲ್ಪ ಎತ್ತಿ ಹಿಡಿದು ಮುಚ್ಚಿದ್ರೆ ಲಾಕ್ ಆಗುತ್ತಾ? ಆಗಿದ್ರೆ ಹಿಂಜ್ ಜೋತುಬಿದ್ದಿದೆ. ಒದ್ದೆ ಬಟ್ಟೆಯ ರಾಶಿಯನ್ನ ತೆರೆದ ಬಾಗಿಲಿನ ಮೇಲೆ ಇಟ್ಟು ಇಟ್ಟು ಹಾಗಾಗುತ್ತೆ. ಕೊಕ್ಕೆಯನ್ನ ಬೆರಳಲ್ಲಿ ಒತ್ತಿ ನೋಡಿ, ಸ್ಪ್ರಿಂಗ್ ಇದ್ರೆ ವಾಪಸ್ ಬರಬೇಕು.

ಮತ್ತೆ ನಮ್ಮೂರಿನ ವಿಶೇಷ, ಇಲಿ. ಮಷಿನ್ ಅಡಿಯಿಂದ ನುಗ್ಗಿ ವೈರ್ ಕಡಿಯುತ್ತೆ. ಮಷಿನ್ ಕೆಳಗೆ ಇಲಿ ಹಿಕ್ಕೆ ಕಂಡ್ರೆ, ಲಾಕ್ ಕೆಟ್ಟಿದೆ ಅಂತ ಹೊಸದು ಹಾಕಿಸೋ ಮುಂಚೆ ವೈರ್ ನೋಡೋಕೆ ಹೇಳಿ. ಅಡಿಗೆ ಹಾಕೋ ಜಾಲರಿ ಅಂಗಡಿಯಲ್ಲಿ ಸಿಗುತ್ತೆ.

ಇಲ್ಲಿಗೆ ನಮ್ಮ ನಿಮ್ಮ ಕೆಲಸ ಮುಗೀತು. ಮೇಲಿನ ಪ್ಯಾನೆಲ್ ಬಿಚ್ಚಬೇಡಿ. ಲಾಕಿಗೆ ಬರೋ ವೈರ್‌ನಲ್ಲಿ ಮನೆಯ 230 ವೋಲ್ಟ್ ಇರಬಹುದು. ಇನ್ವರ್ಟರ್ ಮೋಟರ್ ಇರೋ ಮಷಿನ್‌ಗಳ ಬೋರ್ಡ್‌ನಲ್ಲಿ ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತೆ. ರೀಲ್ಸ್ ನೋಡಿ ಸ್ಕ್ರೂ ಡ್ರೈವರ್ ಹಿಡಿಯೋ ಜಾಗ ಇದಲ್ಲ.

ಕಥೆ ಇನ್ನೂ ಮುಗಿದಿಲ್ಲ. ಆರು ತಿಂಗಳಾದ ಮೇಲೆ ಅದೇ ಮಷಿನ್‌ನ ಲಾಕ್ ನಿಜವಾಗಿಯೂ ಹೋಯ್ತು. ಈ ಸಲ ಲಕ್ಷಣ ಬೇರೆ. ಸ್ಟಾರ್ಟ್ ಒತ್ತಿದ್ರೆ ಟಕ್ ಇಲ್ಲ. ನೀರು ಬರಲ್ಲ. ಬಾಗಿಲಿನ ಕೋಡ್. ಒರೆಸಿದ್ವಿ, ಎತ್ತಿ ಮುಚ್ಚಿದ್ವಿ, ಏನೂ ಆಗ್ಲಿಲ್ಲ. ಓನರ್ ತಮಗೆ ಗೊತ್ತಿದ್ದ ಒಬ್ಬ ಮೆಕ್ಯಾನಿಕ್‌ನ ಕರ್ಕೊಂಡು ಬಂದ್ರು. ಅವರು ನೋಡಿ, "ಲಾಕ್ ಹೋಗಿದೆ. ಹೊಸದು ತರಿಸಬೇಕು, ನಾಲ್ಕು ದಿನ ಆಗುತ್ತೆ. ಬೇಡ ಅಂದ್ರೆ 300 ರೂಪಾಯಿ ಕೊಡಿ, ಈಗಲೇ ಡೈರೆಕ್ಟ್ ಮಾಡ್ಕೊಡ್ತೀನಿ" ಅಂದ್ರು.

ಡೈರೆಕ್ಟ್. ಈ ಪದ ನೀವೂ ಕೇಳಿರ್ತೀರಾ. ಲಾಕ್ ಒಳಗಿನ ಸ್ವಿಚ್‌ನ ಎರಡು ವೈರ್‌ಗಳನ್ನ ಸೇರಿಸಿ ಟೇಪ್ ಸುತ್ತೋದು. ಬೋರ್ಡ್ ಪಾಲಿಗೆ ಬಾಗಿಲು ಯಾವಾಗಲೂ ಭದ್ರ. ಮಷಿನ್ ಚೆನ್ನಾಗಿ ಓಡುತ್ತೆ. ಓಡ್ತಾ ಇರುವಾಗ ಹ್ಯಾಂಡಲ್ ಎಳೆದ್ರೆ ಬಾಗಿಲೂ ಬರುತ್ತೆ.

ಅಂದ್ರೆ ಏನಾಗುತ್ತೆ ಅಂತ ಒಂದು ಲೆಕ್ಕ ಹಾಕೋಣ, ನಮ್ಮ ಕಾಮರ್ಸ್ ಲೆಕ್ಕ. ಸ್ಪಿನ್ 1,200 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 20 ಸುತ್ತು. ಡ್ರಮ್ಮಿನ ಅಡ್ಡಳತೆ ಸುಮಾರು ಅರ್ಧ ಮೀಟರ್ ಅಂತ ಇಟ್ಕೊಳ್ಳಿ. ಅಂಚಿನ ಸುತ್ತಳತೆ ಒಂದೂವರೆ ಮೀಟರ್‌ಗಿಂತ ಸ್ವಲ್ಪ ಹೆಚ್ಚು. ಇಪ್ಪತ್ತು ಸುತ್ತಿಗೆ ಸೆಕೆಂಡಿಗೆ 31 ಮೀಟರ್. ಗಂಟೆಗೆ 110 ಕಿಲೋಮೀಟರ್ ದಾಟುತ್ತೆ. ಹೈವೇಯಲ್ಲಿ ಓಡೋ ಕಾರಿನ ವೇಗ, ನಿಮ್ಮ ಬಾತ್‌ರೂಮಿನ ಮೂಲೆಯಲ್ಲಿ, ಒದ್ದೆ ಬಟ್ಟೆಯ ತೂಕದ ಸಮೇತ. ಅದಕ್ಕೂ ನಮಗೂ ಮಧ್ಯೆ ಇರೋದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಆ ಪ್ಲಾಸ್ಟಿಕ್ ಲಾಕ್.

ಓನರ್‌ಗೆ 300 ರೂಪಾಯಿ ಆಯ್ಕೆ ಇಷ್ಟ ಆಯ್ತು. ಸಹಜ. ಅವರಿಗೆ ನಾಲ್ಕು ವರ್ಷದ ಮೊಮ್ಮಗ ಇದ್ದಾನೆ. ದಿನಾ ಸಂಜೆ ಕೆಳಗೆ ಬರ್ತಾನೆ. ನಮ್ಮ ಮನೆಯಲ್ಲಿ ಅವನಿಗೆ ತುಂಬ ಇಷ್ಟವಾದ ಆಟ ಅಂದ್ರೆ ಮಷಿನ್ ಎದುರು ಕೂತು, ಗಾಜಿಗೆ ಎರಡೂ ಕೈ ಒತ್ತಿ, ಬಟ್ಟೆ ತಿರುಗೋದು ನೋಡೋದು. ಹ್ಯಾಂಡಲ್ ಸರಿಯಾಗಿ ಅವನ ಕೈಯೆತ್ತರಕ್ಕೇ ಇದೆ. ನಾನು ಅಷ್ಟೇ ಹೇಳಿದೆ. "ಅಂಕಲ್, ಸಂಜೆ ಅವನು ಬರ್ತಾನಲ್ಲ." ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮೆಕ್ಯಾನಿಕ್ ಕಡೆ ತಿರುಗಿ "ಲಾಕೇ ಹಾಕ್ಬಿಡಪ್ಪ" ಅಂದ್ರು. ನಾಲ್ಕು ದಿನ ಬಕೆಟ್‌ನಲ್ಲಿ ಒಗೆದ್ವಿ. ಲಾಕಿನ ದುಡ್ಡು ಅವರೇ ಕೊಟ್ರು.

ಮಕ್ಕಳಿರೋ ಮನೆಯವರು ಇನ್ನೊಂದು ವಿಷಯ ಗಮನಿಸಿ. ಚೈಲ್ಡ್ ಲಾಕ್ ಅನ್ನೋದು ಹೆಚ್ಚಿನ ಮಷಿನ್‌ಗಳಲ್ಲಿ ಬಟನ್‌ಗಳನ್ನ ಮಾತ್ರ ತಡೆಯುತ್ತೆ. ಮಷಿನ್ ಆಫ್ ಇದ್ದಾಗ ಬಾಗಿಲನ್ನ ಯಾರು ಬೇಕಾದ್ರೂ ತೆಗೀಬಹುದು, ಒಳಗೆ ಹೋಗಿ ಕೂರಲೂಬಹುದು. ಬೂಷ್ಟು ಬರದೇ ಇರ್ಲಿ ಅಂತ ಒಗೆದ ಮೇಲೆ ಬಾಗಿಲು ಸ್ವಲ್ಪ ತೆರೆದಿಡೋದು ಒಳ್ಳೇದು, ಆದ್ರೆ ಚಿಕ್ಕ ಮಕ್ಕಳಿದ್ರೆ ಆ ಕೋಣೆಯ ಬಾಗಿಲಿಗೆ ಚಿಲಕ ಇರ್ಲಿ. ಸ್ಟಾರ್ಟ್ ಒತ್ತೋ ಮುಂಚೆ ಒಳಗೆ ಒಂದ್ಸಲ ಇಣುಕಿ.

ಲಾಕ್ ಬರೀ ಪ್ಲಾಸ್ಟಿಕ್ ತುಂಡು ಅಂತ ಅನ್ಕೊಂಡೋರಿಗೆ ಒಂದು ದೊಡ್ಡ ಉದಾಹರಣೆ. 2019ರ ಡಿಸೆಂಬರ್‌ನಲ್ಲಿ ವರ್ಲ್‌ಪೂಲ್ ಕಂಪನಿ ಬ್ರಿಟನ್‌ನಲ್ಲಿ ಹಾಟ್‌ಪಾಯಿಂಟ್, ಇಂಡೆಸಿಟ್ ಹೆಸರಲ್ಲಿ ಮಾರಿದ್ದ ಐದು ಲಕ್ಷಕ್ಕೂ ಹೆಚ್ಚು ವಾಷಿಂಗ್ ಮಷಿನ್‌ಗಳ ರೀಕಾಲ್ ಪ್ರಕಟಿಸಿತು. 2014ರ ಅಕ್ಟೋಬರ್‌ನಿಂದ 2018ರ ಫೆಬ್ರವರಿವರೆಗೆ ತಯಾರಾದ ಮಷಿನ್‌ಗಳು. ಕಾರಣ ಬಾಗಿಲಿನ ಲಾಕ್ ವ್ಯವಸ್ಥೆ. ನೀರು ಕಾಯಿಸೋ ಹೀಟರ್ ಆನ್ ಆದಾಗ ಲಾಕ್ ವ್ಯವಸ್ಥೆಯ ಒಂದು ಭಾಗ ಅತಿಯಾಗಿ ಬಿಸಿಯಾಗಿ ಬೆಂಕಿ ಹತ್ತೋ ಅಪಾಯ ಇತ್ತು. ರಿಪೇರಿ ಆಗೋವರೆಗೂ ಬಳಸಲೇಬೇಕು ಅನ್ನೋರು 20 ಡಿಗ್ರಿ ಅಥವಾ ಅದಕ್ಕಿಂತ ತಣ್ಣನೆಯ ನೀರಲ್ಲಿ ಮಾತ್ರ ಒಗೀಬೇಕು ಅನ್ನೋ ಸಲಹೆ ಇತ್ತು. ನಮಗೆ ಇದರಿಂದ ಬೇಕಾದ ಪಾಠ ಸಣ್ಣದು. ಬಾಗಿಲಿನ ಹತ್ರ ಸುಟ್ಟ ವಾಸನೆ ಬಂದ್ರೆ, ಲಾಕ್ ತೂತಿನ ಸುತ್ತ ಕಪ್ಪಾಗಿದ್ರೆ, ಪ್ಲಾಸ್ಟಿಕ್ ಕರಗಿದ ಹಾಗೆ ಕಂಡ್ರೆ, ಪ್ಲಗ್ ತೆಗೀರಿ. "ಇವತ್ತೊಂದು ಟ್ರಿಪ್ ಹಾಕ್ಬಿಡ್ತೀನಿ" ಅನ್ಬೇಡಿ.

ಹೊರದೇಶದಿಂದ ಕೇಳ್ತಾ ಇರೋ ಕನ್ನಡದವರಿಗೆ ಒಂದು ಮಾತು. ನಿಮ್ಮಲ್ಲಿ ಹಲವರ ಅಡುಗೆಮನೆಯಲ್ಲಿ ಸೆಲ್ಫ್ ಕ್ಲೀನ್ ಓವನ್ ಇರುತ್ತೆ. ಅದರ ಬಾಗಿಲಿನ ಲಾಕಿಗೂ ಇದೇ ತರ್ಕ, ಪ್ರಶ್ನೆ ಮಾತ್ರ ಒಂದೇ. ಬಿಸಿ ಇದೆಯಾ? ಸೆಲ್ಫ್ ಕ್ಲೀನ್‌ನಲ್ಲಿ ಒಳಗಿನ ಶಾಖ 450ರಿಂದ 500 ಡಿಗ್ರಿ ಸೆಲ್ಸಿಯಸ್‌ವರೆಗೂ ಹೋಗುತ್ತೆ, ಜಿಡ್ಡೆಲ್ಲ ಬೂದಿಯಾಗೋಕೆ. ಸಾಮಾನ್ಯವಾಗಿ ಒಂದು ಪುಟ್ಟ ಮೋಟರ್ ಕೊಕ್ಕೆ ತಿರುಗಿಸಿ ಬಾಗಿಲು ಬಿಗಿಯುತ್ತೆ, ಒಂದು ಮೈಕ್ರೋಸ್ವಿಚ್ ಅದನ್ನ ಬೋರ್ಡ್‌ಗೆ ಹೇಳುತ್ತೆ. ಮುಗಿದ ಮೇಲೂ ತೆಗೀತಿಲ್ಲ ಅಂದ್ರೆ ಪೂರ್ತಿ ಆರೋಕೆ ಬಿಡಿ. ಆಮೇಲೆ ಬ್ರೇಕರ್ ಆಫ್ ಮಾಡಿ, ಕೆಲವು ನಿಮಿಷ ಬಿಟ್ಟು ಆನ್ ಮಾಡಿ. ಆಗಲೂ ಬರದೇ ಇದ್ರೆ ಮೋಟರ್, ಸ್ವಿಚ್ ನೋಡೋರನ್ನ ಕರೀರಿ. ಚಾಕು ತೂರಿಸಿ ಮೀಟಬೇಡಿ. ಹಬ್ಬದ ಹಿಂದಿನ ದಿನ ಸೆಲ್ಫ್ ಕ್ಲೀನ್ ಹಾಕಲೂಬೇಡಿ. ಸಿಕ್ಕಿಕೊಂಡ್ರೆ ಹಬ್ಬದ ಅಡುಗೆಗೆ ಓವನ್ ಇಲ್ಲ.

ಕೊನೆಗೆ ನನ್ನ ಸಬ್ಜೆಕ್ಟ್, ದುಡ್ಡು. ಲಾಕಿನ ಬೆಲೆ ಸಾಮಾನ್ಯವಾಗಿ ಬೋರ್ಡಿನ ಬೆಲೆಗಿಂತ ತುಂಬ ಕಡಿಮೆ. ಫಿಲ್ಟರ್ ತೊಳೆಯೋಕೆ ದುಡ್ಡೇ ಬೇಡ. ಹಾಗಾಗಿ ತಪಾಸಣೆ ಅಗ್ಗದ್ದರಿಂದ ದುಬಾರಿಯ ಕಡೆಗೆ ಹೋಗಬೇಕು. ಫಿಲ್ಟರ್, ಪೈಪ್, ಕೊಕ್ಕೆ, ವೈರ್, ಲಾಕ್, ಎಲ್ಲ ಆದ ಮೇಲೆ ಬೋರ್ಡ್. ಯಾರಾದ್ರೂ ನೇರ ಬೋರ್ಡ್‌ಗೆ ಹೋದ್ರೆ ಮರ್ಯಾದೆಯಿಂದಲೇ ಮೂರು ಪ್ರಶ್ನೆ ಕೇಳಿ. ಲಾಕ್ ಚೆಕ್ ಮಾಡಿದ್ರಾ? ವೈರ್ ಚೆಕ್ ಮಾಡಿದ್ರಾ? ಬೋರ್ಡ್ ಹೋಗಿದೆ ಅಂತ ಯಾವುದ್ರಿಂದ ಗೊತ್ತಾಯ್ತು? ಒಳ್ಳೇ ಟೆಕ್ನಿಷಿಯನ್ ಮೀಟರ್ ಇಟ್ಟು ತೋರಿಸ್ತಾರೆ, ಖುಷಿಯಿಂದ ವಿವರಿಸ್ತಾರೆ. ಅಂಥೋರ ನಂಬರ್ ಸೇವ್ ಮಾಡಿ ಇಟ್ಕೊಳ್ಳಿ, ಅವರಿಗೆ ಸರಿಯಾದ ದುಡ್ಡು ಕೊಡಿ. ಚೌಕಾಸಿ ಮಾಡಿ ಮಾಡಿ ನಾವೇ ಅವರನ್ನ ಡೈರೆಕ್ಟ್ ದಾರಿಗೆ ತಳ್ತೀವಿ.

ಎಸ್ಟಿಮೇಟ್ ಬರಹದಲ್ಲಿ ತಗೊಳ್ಳಿ, ವಾಟ್ಸಾಪ್ ಆದ್ರೂ ಸರಿ. ಬದಲಾಯಿಸಿದ ಹಳೇ ಪಾರ್ಟ್ ಕೈಗೆ ತಗೊಳ್ಳಿ. ಬಿಲ್ ಕೇಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಮಾರಿದ ವಸ್ತುವಿಗೆ, ಮಾಡಿದ ಸೇವೆಗೆ ಬಿಲ್ ಕೊಡದೇ ಇರೋದು ಅನುಚಿತ ವ್ಯಾಪಾರ ಪದ್ಧತಿ. ಜಗಳ ಬಗೆಹರಿಯದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ 'ರೈಟ್ ಟು ರಿಪೇರ್' ಅನ್ನೋ ಪೋರ್ಟಲ್ ಶುರು ಮಾಡಿದೆ. ಕಂಪನಿಗಳ ಮ್ಯಾನ್ಯುಯಲ್, ಬಿಡಿಭಾಗ, ವಾರಂಟಿ ಮಾಹಿತಿ ಒಂದೇ ಕಡೆ ಸಿಗಲಿ ಅನ್ನೋದು ಅದರ ಉದ್ದೇಶ. ಟೆಕ್ನಿಷಿಯನ್‌ಗೆ ಫೋನ್ ಮಾಡೋ ಮುಂಚೆ ಅಲ್ಲಿ ಒಂದ್ಸಲ ನೋಡಿ.

ಬಾಡಿಗೆ ಮನೆಯವರು ಇನ್ನೂ ಒಂದು ಕೆಲಸ ಮಾಡಿ. ಮನೆಗೆ ಹೋದ ದಿನವೇ ಓನರ್ ಕೊಟ್ಟಿರೋ ಮಷಿನ್, ಗೀಸರ್, ಫ್ರಿಜ್ ಎಲ್ಲ ಓಡ್ತಾ ಇರೋ ವಿಡಿಯೋ ತೆಗೀರಿ. ಫಿಲ್ಟರ್ ಬಿಚ್ಚಿ ಅದರ ಫೋಟೋನೂ ತೆಗೀರಿ. ಅಗ್ರಿಮೆಂಟ್‌ನಲ್ಲಿ ರಿಪೇರಿ ಯಾರ ಖರ್ಚು ಅಂತ ಒಂದು ಸಾಲು ಬರೆಸಿ. ಆಗ ಮುಂದೆ ಗುಂಡಿ ಯಾರದ್ದು ಅನ್ನೋ ಚರ್ಚೆ ಅರ್ಧ ಗಂಟೆ ನಡೆಯಲ್ಲ.

ಈ ವಾರ ನಿಮಗೆ ಒಂದು ಸಣ್ಣ ಹೋಮ್‌ವರ್ಕ್. ಮನೆಯಲ್ಲಿ ಫ್ರಂಟ್ ಲೋಡ್ ಮಷಿನ್ ಇದ್ರೆ, ಮಷಿನ್ ಆಫ್ ಮಾಡಿ, ಪ್ಲಗ್ ತೆಗೆದು, ಕೆಳಗೆ ತಟ್ಟೆ ಇಟ್ಟು ಆ ಫಿಲ್ಟರ್ ತೆಗೆದು ನೋಡಿ. ಎಮರ್ಜೆನ್ಸಿ ಪಟ್ಟಿ ಇದೆಯಾ ಅಂತಲೂ ನೋಡಿಟ್ಕೊಳ್ಳಿ. ಮ್ಯಾನ್ಯುಯಲ್‌ನ ಕೋಡ್ ಪುಟದ ಫೋಟೋ ತೆಗೆದು ಮನೆಯ ಗ್ರೂಪಿಗೆ ಹಾಕಿ. ನೀವು ಊರಲ್ಲಿ ಇಲ್ಲದಾಗ ಅಮ್ಮ ಒಬ್ಬರೇ ಮಷಿನ್ ಮುಂದೆ ನಿಂತು ಯೋಚನೆ ಮಾಡೋ ಹಾಗಾಗಬಾರದು. ಹತ್ತು ನಿಮಿಷದ ಕೆಲಸ. ಫಿಲ್ಟರ್‌ನಲ್ಲಿ ನಾಣ್ಯ ಸಿಕ್ಕಿದ್ರೆ ಅದು ನಿಮ್ದೇ.

ಮುಂದಿನ ಸಂಚಿಕೆಯಲ್ಲಿ ಎಕ್ಸ್‌ಟೆಂಡೆಡ್ ವಾರಂಟಿ ಬಗ್ಗೆ ಮಾತಾಡೋಣ. ತಗೋಬೇಕಾ ಬೇಡ್ವಾ, ಲೆಕ್ಕ ಸಮೇತ. ಅಲ್ಲೀವರೆಗೂ ಹುಷಾರು. ನಮಸ್ಕಾರ.